ಅಟ್ಟದ ಕೊಬ್ಬರಿ, ಆರನೇ ಕ್ಲಾಸಿನ ಸೀಟು

ಹೊನ್ನವಳ್ಳಿ ಹೋಬಳಿಯ ಒಂದು ಹಳ್ಳಿಯಿಂದ ನನ್ನ ಚಿಕ್ಕಮ್ಮನ ಮಗಳು ಬೇಸಿಗೆ ರಜೆಯಲ್ಲಿ ಫೋನ್ ಮಾಡಿದ್ದಳು. ಅವಳ ಮಗಳು ಎರಡನೇ ಕ್ಲಾಸು ಮುಗಿಸಿದ್ದಾಳೆ. ಜೂನ್‌ನಿಂದ ತಿಪಟೂರಿನ ಕಾನ್ವೆಂಟಿಗೆ ಹಾಕುವುದೆಂದು ಮನೆಯಲ್ಲಿ ಮಾತಾಗಿದೆ, ವ್ಯಾನು ಬಾಗಿಲಿಗೇ ಬರುತ್ತದೆ. "ಅಕ್ಕಾ, ಐದನೇ ಕ್ಲಾಸಿಗೆ ಬಂದಾಗ ನವೋದಯ ಬರೆಸಬೇಕು ಅಂತ ಆಸೆ. ಈಗ್ಲೇ ಟೌನಿಗೆ ಹಾಕಿದ್ರೆ ತಯಾರಿ ಚೆನ್ನಾಗಾಗುತ್ತೆ ಅಲ್ವಾ?"

ದುಡ್ಡು ಕಟ್ಟುವ ಮೊದಲು ಕೇಳಿದಳಲ್ಲ ಎಂದು ನನಗೆ ಸಮಾಧಾನವಾಯಿತು. ನವೋದಯ ವಸತಿ ಶಾಲೆಯ ಸೀಟುಗಳಲ್ಲಿ ಕನಿಷ್ಠ ಶೇಕಡಾ 75 ಭಾಗ ಗ್ರಾಮೀಣ ಮಕ್ಕಳಿಗೆ ಮೀಸಲು. ಆ ಮೀಸಲಾತಿಗೆ ಮನೆ ಹಳ್ಳಿಯಲ್ಲಿದ್ದರೆ ಸಾಲದು. ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಹಳ್ಳಿಯ ಮಗು ನಗರಸಭೆ ವ್ಯಾಪ್ತಿಯ ಶಾಲೆಗೆ ವ್ಯಾನು ಹತ್ತಿದ ದಿನವೇ ಆ ಹಕ್ಕು ಹೋಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ಎಷ್ಟೋ ಮನೆಗಳಲ್ಲಿ ಇದು ತಿಳಿಯುವುದು ಮಗು ಐದನೇ ಕ್ಲಾಸಿನಲ್ಲಿದ್ದಾಗ, ಅರ್ಜಿ ತುಂಬಿಸಲು ಕೂತಾಗ. ಆಮೇಲೆ ಮಾಡುವುದೇನೂ ಉಳಿದಿರುವುದಿಲ್ಲ. ಒಂದು ಮಗುವಿಗೆ ನವೋದಯದ ಪ್ರವೇಶ ಪರೀಕ್ಷೆ ಬರೆಯಲು ಸಿಗುವುದು ಒಂದೇ ಅವಕಾಶ.

ಜಿಲ್ಲೆಗೆ ಒಂದು ನವೋದಯ, ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕು. ಸಮನಾಗಿ ಹಂಚಿದರೂ ತಾಲ್ಲೂಕಿಗೆ ಎಂಟು ಮಕ್ಕಳು. ನಾನಿದನ್ನು ಹೇಳುವುದು ಯಾರನ್ನೂ ಹೆದರಿಸಲಿಕ್ಕಲ್ಲ. ಸೀಟು ಸಿಗದ ಮಕ್ಕಳೇ ಹೆಚ್ಚು, ಅವರಲ್ಲಿ ಜಾಣರೂ ಬೇಕಾದಷ್ಟು ಇರುತ್ತಾರೆ ಎಂಬುದನ್ನು ಮೊದಲೇ ತಿಳಿದು ತಯಾರಿಗೆ ಇಳಿಯಬೇಕು.

ನನ್ನ ಮಗನ ವಿಷಯದಲ್ಲಿ ನಾನು ಹಾಗೆ ಇಳಿಯಲಿಲ್ಲ. ಅವನನ್ನು ಒಂದು ಕೋಚಿಂಗ್ ಕ್ಲಾಸಿಗೆ ಸೇರಿಸಿದೆ. ಫೀಸು ಬಂದದ್ದು ಅಟ್ಟದಿಂದ. ನಮ್ಮ ಕಡೆಯ ಉಂಡೆ ಕೊಬ್ಬರಿ ಅವಸರದ ಮಾಲಲ್ಲ. ಬಲಿತ ಕಾಯಿ ವರ್ಷದ ಹತ್ತಿರ ಅಟ್ಟದಲ್ಲಿ ಕೂತು, ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಗಿಟುಕು ಸದ್ದು ಮಾಡಬೇಕು. ಆಮೇಲೆ ಸುಲಿಸಿ, ಒಡೆಸಿ, ಚೀಲ ತುಂಬಿ ತಿಪಟೂರಿನ ಎಪಿಎಂಸಿಗೆ. ನಮ್ಮ ಮನೆಗಳಲ್ಲಿ ಮದುವೆ, ಬೋರ್‌ವೆಲ್ಲು, ಶಾಲೆ ಫೀಸು ಎಲ್ಲದರ ದಿನಾಂಕ ಗೊತ್ತಾಗುವುದು ಆ ಹರಾಜು ಕಟ್ಟೆಯಲ್ಲೇ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ಅಂಥ ಬೆಲೆಗೆ ಮಾರಿದ ಕೊಬ್ಬರಿಯ ದುಡ್ಡನ್ನು ನಾನು ಕೋಚಿಂಗಿಗೆ ಕಟ್ಟಿದೆ. ಹಾಗೆ ಕಟ್ಟಿದ ದುಡ್ಡು ಮಗುವಿನ ಹೆಗಲ ಮೇಲೆ ಕೂರುತ್ತದೆ. ನಾವು ಬಾಯಿಬಿಟ್ಟು ಹೇಳದಿದ್ದರೂ ಅದಕ್ಕೆ ಗೊತ್ತಾಗುತ್ತದೆ.

ಕೋಚಿಂಗಿನಲ್ಲಿ ಭಾನುವಾರ ಬೆಳಗಿನಿಂದ ಸಂಜೆವರೆಗೆ ಮಾದರಿ ಪ್ರಶ್ನೆಪತ್ರಿಕೆ ಬರೆಸುತ್ತಿದ್ದರು. ಅಂಕ ಕೂಗಿ ಹೇಳುತ್ತಿದ್ದರು. ಯಾಕೆ ತಪ್ಪಾಯಿತು ಎಂದು ಕೂತು ಹೇಳಿಕೊಟ್ಟದ್ದು ಕಡಿಮೆ. ಶನಿವಾರ ರಾತ್ರಿಯಾದರೆ ಹುಡುಗನಿಗೆ ಹೊಟ್ಟೆನೋವು. ನಾನು ಅದನ್ನು ನೆಪ ಅಂದುಕೊಂಡು ಓಮದ ನೀರು ಕುಡಿಸಿ ಕಳಿಸುತ್ತಿದ್ದೆ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ಪರೀಕ್ಷೆಯ ದಿನ ಅವನು ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದ, ಓಎಂಆರ್ ಹಾಳೆಯಲ್ಲಿ ಮಾತ್ರ ಅದರ ಸಾಲು ಬಿಡಲು ಮರೆತ. ಅಲ್ಲಿಂದ ಎಲ್ಲ ಉತ್ತರವೂ ಒಂದು ಸಾಲು ಮೇಲೆ ಸರಿದವು. ಬರೆಯುವುದು ಬಾಲ್ ಪೆನ್ನಿನಲ್ಲಿ, ಅಳಿಸುವಂತಿಲ್ಲ. ಅಷ್ಟು ತಿಂಗಳ ಕೋಚಿಂಗಿನಲ್ಲಿ ಯಾರೂ ಅವನ ಪಕ್ಕ ಕೂತು ವೃತ್ತ ತುಂಬುವುದನ್ನು ನಿಧಾನವಾಗಿ ಅಭ್ಯಾಸ ಮಾಡಿಸಿರಲಿಲ್ಲ. ನಾನೂ ಮಾಡಿಸಿರಲಿಲ್ಲ.

ಆಮೇಲೆಯೇ ನಾನು ಆ ಪ್ರಶ್ನೆಪತ್ರಿಕೆಯನ್ನು ಸರಿಯಾಗಿ ಓದಿದ್ದು. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಒಂದು ಸರಿಯುತ್ತರಕ್ಕೆ ಒಂದೂಕಾಲು ಅಂಕ, ತಪ್ಪಿಗೆ ಕಡಿತವಿಲ್ಲ. ಬುದ್ಧಿಶಕ್ತಿಗೆ 40 ಪ್ರಶ್ನೆ, ಅಂಕಗಣಿತಕ್ಕೆ 20, ಭಾಷೆಗೆ 20. ಕನ್ನಡದಲ್ಲೇ ಬರೆಯಬಹುದು. ಒಟ್ಟು ಅಂಕದಲ್ಲಿ ಅರ್ಧ ಹೊತ್ತಿರುವ ಬುದ್ಧಿಶಕ್ತಿಯ ಭಾಗದಲ್ಲಿ ಇರುವುದೆಲ್ಲ ಚಿತ್ರ: ಗುಂಪಿಗೆ ಸೇರದ್ದನ್ನು ಹುಡುಕುವುದು, ಅರ್ಧ ಬಿಟ್ಟ ವಿನ್ಯಾಸವನ್ನು ಪೂರ್ತಿ ಮಾಡುವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ ಎಂದು ಹೇಳುವುದು, ಕಾಗದ ಮಡಚಿ ತೂತು ಮಾಡಿ ಬಿಡಿಸಿದರೆ ತೂತು ಎಲ್ಲೆಲ್ಲಿ ಬೀಳುತ್ತದೆ ಎಂದು ಊಹಿಸುವುದು. ಇವನ್ನು ಬಾಯಿಪಾಠ ಮಾಡಲಾಗದು. ಚುಕ್ಕಿ ಇಟ್ಟು ರಂಗೋಲಿ ಬಿಡುವ ಹುಡುಗಿಯ ಬೆರಳಿಗೆ ಅರ್ಧ ವಿನ್ಯಾಸ ಪೂರ್ತಿ ಮಾಡುವುದು ಆಗಲೇ ಬರುತ್ತದೆ. ಗಣಪತಿ ಹಬ್ಬಕ್ಕೆ ಬಣ್ಣದ ಕಾಗದ ಮಡಚಿ ಕತ್ತರಿಸಿ ತೋರಣ ಕಟ್ಟಿದ ಹುಡುಗನಿಗೆ ಆ ತೂತಿನ ಪ್ರಶ್ನೆ ಹೊಸದಲ್ಲ. ಚಪ್ಪರಕ್ಕೆ ತೆಂಗಿನ ಗರಿ ಹೆಣೆಯುವವರ ಪಕ್ಕ ಒಂದು ಮಧ್ಯಾಹ್ನ ಕೂತರೆ ಮಗು ಕಲಿಯುವುದು ಎಷ್ಟೋ ಇದೆ. ಮಾದರಿ ಪತ್ರಿಕೆ ಬೇಡ ಎನ್ನುತ್ತಿಲ್ಲ. ಪ್ರಶ್ನೆಯ ರೂಪ ಕಣ್ಣಿಗೆ ಪರಿಚಯವಾಗಬೇಕು. ವಾರಕ್ಕೆ ಒಂದು ಸಾಕು. ಬರೆದ ಮೇಲೆ ತಪ್ಪಿದ ಪ್ರತಿಯೊಂದಕ್ಕೂ ಮಗುವಿನ ಜೊತೆ ಕೂರುವವರು ಬೇಕು.

ಗಣಿತಕ್ಕಂತೂ ನಮ್ಮ ತೋಟಕ್ಕಿಂತ ಒಳ್ಳೆಯ ಪುಸ್ತಕ ನಾನು ಕಂಡಿಲ್ಲ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ, 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಮೂವತ್ತು ಅಡಿಗೊಂದು ಸಸಿಯಂತೆ ನೆಟ್ಟರೆ ಎಕರೆಗೆ ಎಷ್ಟು ಮರ? ಮಗು 43,560ನ್ನು 900ರಿಂದ ಭಾಗಿಸಿ 48 ಎಂದು ಹೇಳಿ, ಆಮೇಲೆ ತೋಟಕ್ಕೆ ಹೋಗಿ ನಿಜವಾಗಿ ಎಣಿಸಿದರೆ ಲೆಕ್ಕ ತಾಳೆಯಾಗುವುದಿಲ್ಲ. ಬದುವಿನ ಹತ್ತಿರ ಅಜ್ಜ ಹತ್ತಿರ ಹತ್ತಿರ ನೆಟ್ಟಿರುತ್ತಾನೆ, ರೋಗಕ್ಕೆ ನಾಲ್ಕು ಹೋಗಿರುತ್ತವೆ. ಯಾಕೆ ತಾಳೆಯಾಗಲಿಲ್ಲ ಎಂದು ಯೋಚಿಸುವಾಗ ವಿಸ್ತೀರ್ಣ ಎಂದರೇನು ಎಂದು ತಲೆಗೆ ಹತ್ತುತ್ತದೆ. ಶೇಕಡಾ ಲೆಕ್ಕಕ್ಕೆ ಬೆಂಬಲ ಬೆಲೆಯೇ ಇದೆ: 2024ಕ್ಕೆ 12,000, 2025ಕ್ಕೆ 12,100. ನೂರು ರೂಪಾಯಿ ಹೆಚ್ಚಾಯಿತು ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಶೇಕಡಾ ಒಂದೂ ಆಗಿಲ್ಲ ಎಂದು ಹತ್ತು ವರ್ಷದ ಮಗು ತಾನೇ ಕಂಡುಹಿಡಿದಾಗ ಅದರ ಮುಖ ನೋಡಬೇಕು.

ಮಕ್ಕಳು ಸೋಲುವುದು ಹೆಚ್ಚಾಗಿ ಭಾಷೆಯಲ್ಲಿ ಎಂಬುದು ನನ್ನ ಅನುಭವ. ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ನೋಡಲು ಸುಲಭ. ಆದರೆ ಪಠ್ಯದ ಆಚೆ ಒಂದು ಪುಟವನ್ನೂ ಓದದ ಮಗುವಿಗೆ ಹೊಸ ಪ್ಯಾರಾ ಕಂಡ ಕೂಡಲೇ ಕಣ್ಣು ಜಾರುತ್ತದೆ. ಅಕ್ಷರ ಓದುತ್ತದೆ, ಅರ್ಥ ಕೈಗೆ ಹತ್ತುವುದಿಲ್ಲ. ಗಣಿತದ ಪ್ರಶ್ನೆಯೂ ವಾಕ್ಯದಲ್ಲೇ ಇರುವುದರಿಂದ ಅಲ್ಲೂ ಎಡವುತ್ತದೆ. ಇದಕ್ಕೆ ಮೂರು ತಿಂಗಳ ಮದ್ದಿಲ್ಲ. ಎರಡನೇ, ಮೂರನೇ ಕ್ಲಾಸಿನಿಂದಲೇ ದಿನಕ್ಕೆ ಎರಡು ಪುಟ ಜೋರಾಗಿ ಓದಿಸಬೇಕು, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಿಸಬೇಕು. ಪುಸ್ತಕ ಎಲ್ಲಿಂದ ತರಲಿ ಎನ್ನುವವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ, ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಬೀಗ ಹಾಕಿದ್ದರೆ ಪಂಚಾಯಿತಿಗೆ ಹೋಗಿ ಕೇಳಿ. ಕೇಳುವವರಿದ್ದರೆ ಬಾಗಿಲು ತೆಗೆಯುತ್ತಾರೆ.

ಇಂಥ ಓದು ಒಂದೇ ಪರೀಕ್ಷೆಗೆ ಮುಗಿಯುವುದಲ್ಲ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ. 1963ರಲ್ಲಿ ಶುರುವಾದ ವಿಜಯಪುರ, 2007ರಲ್ಲಿ ಶುರುವಾದ ಕೊಡಗು ಸೈನಿಕ ಶಾಲೆಗಳ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಗಣಿತದ್ದೇ. ಖಾಸಗಿಯವರಲ್ಲಿ ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಯ ಹೆಸರು ಹೇಳಲೇಬೇಕು. ಪ್ರವೇಶ ಪರೀಕ್ಷೆ ಇಟ್ಟು ಆರಿಸಿಕೊಂಡ ಮಕ್ಕಳಿಗೆ ಅಲ್ಲಿ ಕನ್ನಡದಲ್ಲೇ ಉಚಿತ ಶಿಕ್ಷಣ; ಅದನ್ನು ಬರೆಯಲು ರಾಜ್ಯದ ಮೂಲೆಮೂಲೆಯಿಂದ ಸಾವಿರಾರು ಮಕ್ಕಳು ಘಟ್ಟ ಇಳಿದು ಹೋಗುತ್ತಾರೆ. ಕನ್ನಡ ಮಾಧ್ಯಮದ ಸೀಟಿಗೆ ಅಷ್ಟು ಪೈಪೋಟಿ ಇದೆ ಎಂಬುದನ್ನು ಕಾನ್ವೆಂಟಿನ ವ್ಯಾನು ಕಾಯುವ ತಾಯಂದಿರಿಗೆ ನಾನು ಹೇಳುತ್ತಲೇ ಇರುತ್ತೇನೆ. ನಮ್ಮ ಜಿಲ್ಲೆಯ ಸಿದ್ಧಗಂಗಾ ಮಠವಂತೂ ತಲೆಮಾರುಗಳಿಂದ ಸಾವಿರಾರು ಬಡ ಮಕ್ಕಳಿಗೆ ಅನ್ನ, ಆಸರೆ, ಅಕ್ಷರ ಕೊಡುತ್ತಿದೆ.

ಇನ್ನು ಒಂದನೇ ಕ್ಲಾಸಿನ ಮಕ್ಕಳ ವಿಷಯ. ಸೇರಿಸಿಕೊಳ್ಳುವ ಮೊದಲು ಮಗುವಿಗೆ ಬಣ್ಣ, ಪ್ರಾಣಿ, ಎಬಿಸಿಡಿ ಕೇಳುವುದು, ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರುತ್ತದಾ ಎಂದು ನೋಡುವುದು ಕಾನೂನಿಗೆ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಹೀಗೆ ಮಕ್ಕಳನ್ನು ಜರಡಿ ಹಿಡಿಯುವುದನ್ನು ನಿಷೇಧಿಸಿದೆ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ಸಲಕ್ಕೂ 50,000ದವರೆಗೆ ದಂಡವಿದೆ. ಆದ್ದರಿಂದ ಐದು, ಆರು ವರ್ಷದ ಕೂಸನ್ನು ಶಾಲೆಯ ಇಂಟರ್‌ವ್ಯೂಗೆಂದು ಟ್ಯೂಷನ್‌ಗೆ ಕಳಿಸಬೇಡಿ. ಯಾರಾದರೂ ಕೇಳಿದರೆ ಬಿಇಒ ಕಚೇರಿಗೆ ಬರೆದು ಕೊಡಿ.

ಚಿಕ್ಕಮ್ಮನ ಮಗಳು ವ್ಯಾನಿಗೆ ಬೇಡವೆಂದಳು. ಹುಡುಗಿ ಊರಿನ ಶಾಲೆಯಲ್ಲೇ ಮೂರನೇ ಕ್ಲಾಸಿಗೆ ಕೂತಿದ್ದಾಳೆ. ಮೊನ್ನೆ ಅವಳ ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು, ಸಂಜೆ ಪೇಪರಿನಲ್ಲಿ ಕೊಬ್ಬರಿ ಧಾರಣೆ ಓದಿ ಹೇಳುವ ಕೆಲಸ ಈಗ ಮಗಳದಂತೆ. ತಾತನಿಗೆ ಕಣ್ಣು ಮಂಜು. "ಹೋದ ಹರಾಜಿಗಿಂತ ಎಷ್ಟು ಹೆಚ್ಚಾಯ್ತು, ಅಮ್ಮಣ್ಣಿ?" ಎಂದು ಕೇಳಿ ಸುಮ್ಮನೆ ಕೂರುತ್ತಾರೆ. ಅವಳು ಬೆರಳು ಮಡಚಿ ಎಣಿಸಿ ಉತ್ತರ ಹೇಳುವ ತನಕ ಎಲೆಯಡಿಕೆ ಡಬ್ಬಿ ಮುಟ್ಟುವುದಿಲ್ಲವಂತೆ.