ಬಿಸಿಲು, ಕಾರು ಮತ್ತು ಅಮ್ಮನ ಗಣಪ



ಕಳೆದ ಬೇಸಿಗೆಯಲ್ಲಿ ಫೀನಿಕ್ಸ್‌ಗೆ ಬಂದಿದ್ದ ಅಮ್ಮ ನಮ್ಮ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಸರಿಯಾಗಿ ಏರ್‌ಬ್ಯಾಗ್ ಇರುವ ಜಾಗದಲ್ಲೇ, ಗಣಪನನ್ನು ಅಂಟಿಸಿದರು. ನಾನು ಹೊಳಪು ಬರಲೆಂದು ಸಿಲಿಕೋನ್ ಸ್ಪ್ರೇ ಹೊಡೆದೆ. ಮರುದಿನ ಸಂಜೆ ಎದುರು ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ರತಿಬಿಂಬ ಗಾಜಿನ ತುಂಬ ಹರಡಿ, ರಸ್ತೆ ದಾಟುತ್ತಿದ್ದವರು ಕಾಣಲೇ ಇಲ್ಲ. “ಬ್ರೇಕ್ ಹಾಕೋ!” ಎಂದು ಅಮ್ಮ ಕೂಗಿದ್ದಕ್ಕೆ ಬಚಾವ್.

2018ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಇಲ್ಲೇ ಟೆಂಪೆಯಲ್ಲಿ ಸಂಶೋಧಕರು ಅಳೆದಾಗ, ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 157 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು!

ಈಗ ನನ್ನ ಪದ್ಧತಿ ಇಷ್ಟೇ: ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ, ಹೊಳಪಿಲ್ಲದ ಯುವಿ ಲೇಪ, ನಿಲ್ಲಿಸಿದಾಗ ಸನ್‌ಶೇಡ್. ಸ್ಟೀರಿಂಗ್, ಪೆಡಲ್‌ಗಳಿಗೆ ಸ್ಪ್ರೇ ಬೇಡವೇ ಬೇಡ, ಜಾರುತ್ತವೆ.

ಏರ್‌ಬ್ಯಾಗ್ ಉಬ್ಬಿದರೆ ವಿಗ್ರಹ ಮುಖಕ್ಕೇ ಬಡಿಯುತ್ತದೆ ಎಂದು ಹೇಳಿದಾಗ ಅಮ್ಮನೇ ಗಣಪನನ್ನು ತೆಗೆದರು. “ಗ್ಲೋವ್‌ಬಾಕ್ಸಲ್ಲಿದ್ರೂ ಕಾಯ್ತಾನೆ ಬಿಡು” ಅಂದರು.