ಜಡಿಮಳೆಯಲ್ಲೂ ಕೆಂಪೇರುವ ಖೋಲಾ ಮೆಣಸು

ಕಾಣಕೋಣ: ಮೆಣಸಿನ ಬುಡದಲ್ಲಿ ನೀರು ನಿಂತರೆ ಬೆಳೆ ಕೈಬಿಟ್ಟಂತೆಯೇ ಅನ್ನೋದು ಬಯಲುಸೀಮೆ ರೈತರ ಅನುಭವದ ಮಾತು. ಆದರೆ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿಯುವ ಗೋವಾದಲ್ಲಿ, ಕಾರವಾರಕ್ಕೆ ಹೊಂದಿಕೊಂಡಿರುವ ಕಾಣಕೋಣ ತಾಲೂಕಿನ ಖೋಲಾ ಗುಡ್ಡಗಳಲ್ಲಿ ಮಳೆಗಾಲದಲ್ಲೇ ಮೆಣಸು ಬೆಳೆಯುತ್ತಾರೆ!

ಇದರ ಗುಟ್ಟು ಇಳಿಜಾರು. ಎಷ್ಟೇ ಮಳೆ ಹೊಡೆದರೂ ನೀರು ನಿಲ್ಲದೆ ಕೆಳಗೆ ಹರಿದುಹೋಗುತ್ತದೆ. ಬೇರು ಕೊಳೆಯುವ ಭಯ ಕಡಿಮೆ. ಮಳೆ ಶುರುವಾಗುತ್ತಲೇ ಸಸಿ ಹಚ್ಚಿದರೆ ಮುಂದೆ ಮಳೆನೀರೇ ಸಾಕು.

ಖರೆ ಪರೀಕ್ಷೆ ಕಾಯಿ ಹಣ್ಣಾದ ಮೇಲೆ. ಮೋಡ, ತೇವ ಒಟ್ಟಾದರೆ ಕಾಯಿಕೊಳೆ ರೋಗ ಬೀಳುತ್ತದೆ. ಕುಳಿಬಿದ್ದ ಕಪ್ಪು ಕಲೆ ಕಂಡ ಹಣ್ಣನ್ನು ಕೂಡಲೇ ಕಿತ್ತು ಹೊಲದಾಚೆ ಹಾಕಬೇಕು. ಬಿಡಿಸಿದ ಹಣ್ಣಿಗೆ ಬಿಸಿಲು ಬೇಕೇ ಬೇಕು. ಒಣಗಿಸುವ ಹೊತ್ತಿಗೆ ಮಳೆ ಹಿಡಿದುಕೊಂಡರೆ ಬೂಷ್ಟು ಬಂದು ಇಡೀ ಹಂಗಾಮಿನ ದುಡಿಮೆ ನೀರುಪಾಲು.

ಗಾಢ ಕೆಂಪು ಬಣ್ಣ, ಹದವಾದ ಖಾರದ ಈ ಮೆಣಸು ಮೀನಿಗೆ ತುಂಬುವ ರೆಶಾದ್ ಮಸಾಲೆಗೆ ಹೆಸರುವಾಸಿ. ಬ್ಯಾಡಗಿ ಮೆಣಸಿಗೆ 2011ರಲ್ಲಿ ಸಿಕ್ಕ ಜಿಐ ಮಾನ್ಯತೆ ಖೋಲಾ ಮೆಣಸಿಗೆ 2019ರಲ್ಲಿ ದೊರೆಯಿತು. ಹೊರಗೆ ಬೆಳೆದದ್ದನ್ನು ಇದೇ ಹೆಸರಲ್ಲಿ ಮಾರುವಂತಿಲ್ಲ.

ಹೆಸರೇನೋ ಸಿಕ್ಕಿತು, ತಳಿ ಉಳಿಯಬೇಕಲ್ಲ? ಮೆಣಸಿನಲ್ಲಿ ಪರಕೀಯ ಪರಾಗಸ್ಪರ್ಶ ಸಾಮಾನ್ಯ. ಪಕ್ಕದಲ್ಲೇ ಬೇರೆ ತಳಿ ಹಚ್ಚಿದರೆ ಜೇನುನೊಣಗಳು ಎರಡನ್ನೂ ಬೆರೆಸಿಬಿಡುತ್ತವೆ. ಮರುವರ್ಷ ಆ ಬೀಜದಿಂದ ಬಂದ ಗಿಡದಲ್ಲಿ ಖೋಲಾದ ಬಣ್ಣವೂ ಇರಲಿಕ್ಕಿಲ್ಲ, ರುಚಿಯೂ ಇರಲಿಕ್ಕಿಲ್ಲ. ಅದಕ್ಕೇ ಬೇರೆ ಮೆಣಸನ್ನು ದೂರವಿಟ್ಟು, ರೋಗವಿಲ್ಲದ ಚಲೋ ಗಿಡ ಆರಿಸಿ, ಅದರ ಹಣ್ಣನ್ನೇ ಬೀಜಕ್ಕೆ ಎತ್ತಿಡಬೇಕು.