‘ಎದ್ದು ಓಡು’ ಅನ್ನೋಕೆ ಮುಂಚೆ ಒಂದು ಪ್ರಶ್ನೆ ಕೇಳಿ

‘ಎದ್ದು ನಾಲ್ಕು ಹೆಜ್ಜೆ ಓಡಾಡು, ಎಲ್ಲಾ ಸರಿಹೋಗುತ್ತೆ.’ ಸುಸ್ತು ಅಂದ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಸಿಗುವ ಮೊದಲ ಔಷಧಿ ಇದೇ. ಹೆಚ್ಚಿನ ಸಲ ಈ ಮಾತು ಸರಿಯೇ. ಆದರೆ ಕೊರೊನಾ ಬಂದು ಹೋದ ಕೆಲವರ ಮಟ್ಟಿಗೆ ಇದೇ ಮಾತು ತಿರುಗಿ ಹೊಡೆಯುತ್ತಿದೆ.

2021ರ ಜುಲೈನಲ್ಲಿ ಎರಡೇ ದಿನದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಬ್ಯಾಚ್ ನೆನಪಿದೆಯಾ? 19ಕ್ಕೆ ಒಂದು, 22ಕ್ಕೆ ಇನ್ನೊಂದು, ಎಲ್ಲವೂ ಓಎಂಆರ್ ಶೀಟಿನಲ್ಲಿ. ಆ ಮಕ್ಕಳೆಲ್ಲ ಆಮೇಲೆ ಪಿಯು, ಡಿಪ್ಲೊಮಾ, ಇಂಜಿನಿಯರಿಂಗ್ ಅಂತ ಹೋದರು. ಅವರಿಗಿಂತ ಒಂದೆರಡು ವರ್ಷ ದೊಡ್ಡವರು ಈಗ ನಮ್ಮ ಟೀಮುಗಳಲ್ಲೇ ಫ್ರೆಶರ್‌ಗಳು. ಗ್ರೌಂಡಿನಲ್ಲಿ ಕುಣಿಯಬೇಕಾದ ವಯಸ್ಸಲ್ಲಿ ಇವರೆಲ್ಲ ಮೊಬೈಲ್ ಮುಂದೆ ಕೂತು ಪಾಠ ಕೇಳಿದವರು. ಜೊತೆಗೆ ಎಷ್ಟೋ ಮಂದಿಗೆ ಎರಡನೇ ಅಲೆಯಲ್ಲಿ ಜ್ವರವೂ ಬಂದಿತ್ತು. ಹಾಗಾಗಿ ಇವರಲ್ಲಿ ಯಾರಾದರೂ ‘ಸುಸ್ತು’ ಅಂದರೆ ಅದಕ್ಕೆ ಎರಡು ಬೇರೆ ಬೇರೆ ಕಾರಣ ಇರಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎರರ್ ಮೆಸೇಜ್ ಒಂದೇ, ಬಗ್ ಮಾತ್ರ ಎರಡು.

ಮೊದಲನೆಯದು: ಅಭ್ಯಾಸ ತಪ್ಪಿದ ದೇಹ

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಸರಾಸರಿ ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಕಾಯಿಲೆ ಏನೂ ಇರಲಿಲ್ಲ, ಸುಮ್ಮನೆ ಮಲಗಿದ್ದರು ಅಷ್ಟೇ. ಮೂವತ್ತು ವರ್ಷ ಕಳೆದ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಗೊತ್ತಾದದ್ದು ಇನ್ನೂ ಮಜವಾಗಿದೆ: ಮೂವತ್ತು ವರ್ಷದ ವಯಸ್ಸು ಮಾಡಿದ್ದಕ್ಕಿಂತ ಹೆಚ್ಚಿನ ನಷ್ಟವನ್ನು ಆ ಮೂರು ವಾರದ ಹಾಸಿಗೆ ಮಾಡಿತ್ತು!

ಇದರಲ್ಲಿ ಒಳ್ಳೆ ಸುದ್ದಿಯೂ ಇದೆ. ಹಾಸಿಗೆಯಿಂದ ಎದ್ದ ಹುಡುಗರಿಗೆ ಸುಮಾರು ಎರಡು ತಿಂಗಳು ವ್ಯಾಯಾಮದ ತರಬೇತಿ ಕೊಟ್ಟಾಗ ಕಳೆದುಕೊಂಡದ್ದೆಲ್ಲ ವಾಪಸ್ ಬಂತು. ಲಾಕ್‌ಡೌನ್‌ನಲ್ಲಿ ಕೂತು ಕೂತು ಬಲ ಕಳೆದುಕೊಂಡವರಿಗೂ ಇದೇ ದಾರಿ. ಬಹುತೇಕ ವಿದ್ಯಾರ್ಥಿಗಳ ಸುಸ್ತು ಈ ಗುಂಪಿಗೇ ಸೇರುತ್ತದೆ.

ಎರಡನೆಯದು: ಇನ್ನೂ ಗುಣವಾಗದ ದೇಹ

ಸೋಂಕು ತಗುಲಿ ಸುಮಾರು ಮೂರು ತಿಂಗಳಾದ ಮೇಲೂ ಕಾಡುವ, ಕನಿಷ್ಠ ಎರಡು ತಿಂಗಳು ಇರುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ತೊಂದರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಒಂದು ಸ್ಥಿತಿ ಎಂದು ವ್ಯಾಖ್ಯಾನಿಸಿತು. ಜನರ ಬಾಯಲ್ಲಿ ಅದು ಲಾಂಗ್ ಕೋವಿಡ್. ಇದಿರುವ ಅನೇಕರಿಗೆ ವಿಚಿತ್ರವಾದ ಒಂದು ಲಕ್ಷಣ ಇರುತ್ತದೆ: ಶ್ರಮ ಪಡುವಾಗ ಹೇಗೋ ನಡೆದುಹೋಗುತ್ತದೆ, ಏಟು ಬೀಳೋದು ಆಮೇಲೆ. ಹೆಚ್ಚಾಗಿ 12ರಿಂದ 48 ಗಂಟೆ ಕಳೆದ ಮೇಲೆ ಮೈಕೈ ನೋವು, ತಲೆ ಮಂಜು ಕವಿದಂತೆ, ಹಾಸಿಗೆಯಿಂದ ಏಳೋಕಾಗದಂಥ ನಿತ್ರಾಣ. ಕೆಲವು ಸಲ ಅದು ವಾರಗಟ್ಟಲೆ ಇರುತ್ತದೆ. ವೈದ್ಯರು ಇದನ್ನು ಪೋಸ್ಟ್ ಎಕ್ಸರ್ಷನಲ್ ಮಲೇಸ್ ಅನ್ನುತ್ತಾರೆ. ಮೈ ದಣಿಸಿದರಷ್ಟೇ ಬರುತ್ತೆ ಅಂತಿಲ್ಲ, ಇಂಟರ್ನಲ್ಸ್‌ಗೆ ರಾತ್ರಿಯಿಡೀ ಓದಿದರೂ ಬರಬಹುದು.

‘ಇದೆಲ್ಲ ಮನಸ್ಸಿನ ಭ್ರಮೆ’ ಅನ್ನುವವರಿಗೆ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 2024ರ ಜನವರಿಯಲ್ಲಿ ಉತ್ತರ ಕೊಟ್ಟರು. ಲಾಂಗ್ ಕೋವಿಡ್ ಇದ್ದ 25 ಮಂದಿಯನ್ನೂ ಪೂರ್ತಿ ಚೇತರಿಸಿಕೊಂಡ 21 ಮಂದಿಯನ್ನೂ ವ್ಯಾಯಾಮದ ಸೈಕಲ್ ತುಳಿಸಿ, ಮೊದಲು ಮತ್ತು ಆಮೇಲೆ ಅವರ ಸ್ನಾಯುವಿನ ಸಣ್ಣ ತುಣುಕನ್ನು ತೆಗೆದು ನೋಡಿದರು. ಲಾಂಗ್ ಕೋವಿಡ್ ಇದ್ದವರ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಕೆಲಸ ಸೈಕಲ್ ತುಳಿದ ಮೇಲೆ ಇನ್ನೂ ಕುಗ್ಗಿತ್ತು. ಸ್ನಾಯುವಿಗೆ ಆಗಿದ್ದ ಹಾನಿಯೂ ಹೆಚ್ಚಾಗಿತ್ತು. ಡಲ್ಲಾಸ್‌ನ ಹುಡುಗರನ್ನು ಮೇಲೆತ್ತಿದ ವ್ಯಾಯಾಮವೇ ಇವರನ್ನು ಕೆಳಗೆ ತಳ್ಳಿತ್ತು.

ನನ್ನ ಚಿಕ್ಕಮ್ಮನ ಮಗಳದ್ದು ಇದೇ ಕಥೆ. ಹೈಸ್ಕೂಲಲ್ಲಿ ಖೋಖೋ ಟೀಮಿನಲ್ಲಿದ್ದವಳು. ಎರಡನೇ ಅಲೆಯಲ್ಲಿ ಜ್ವರ ಬಂದು ಹೋಯಿತು, ಆಸ್ಪತ್ರೆಗೆ ಸೇರಿಸುವಷ್ಟೇನೂ ಇರಲಿಲ್ಲ. ಕಾಲೇಜಿಗೆ ಸೇರಿದ ಮೇಲೆ ಶನಿವಾರ ಪ್ರಾಕ್ಟೀಸ್‌ಗೆ ಹೋಗಿ ಚೆನ್ನಾಗೇ ಆಡುವಳು, ಸೋಮವಾರ ಹಾಸ್ಟೆಲ್ ಮಂಚ ಬಿಟ್ಟು ಏಳುತ್ತಿರಲಿಲ್ಲ. ರಕ್ತಪರೀಕ್ಷೆ ಎಲ್ಲಾ ನಾರ್ಮಲ್. ‘ಶನಿವಾರ ಆಡೋಕಾಗತ್ತೆ, ಸೋಮವಾರ ಕ್ಲಾಸಿಗೆ ಬರೋಕಾಗಲ್ವಾ’ ಅಂತ ಕಾಲೇಜಿನಲ್ಲಿ ಬೈಗುಳ. ಅಟೆಂಡೆನ್ಸ್ ಶಾರ್ಟೇಜ್. ‘ಅಣ್ಣಾ, ನಾನು ನಿಜವಾಗ್ಲೂ ಸೋಮಾರಿನಾ?’ ಅಂತ ಒಂದು ದಿನ ಫೋನಿನಲ್ಲಿ ಕೇಳಿದಳು. ಕೊನೆಗೆ ಒಬ್ಬ ಡಾಕ್ಟರ್ ಅವಳ ಕೈಗೆ ಕೊಟ್ಟಿದ್ದು ಮಾತ್ರೆಯಲ್ಲ, ಒಂದು ಕೆಲಸ: ಸುಸ್ತಾದ ದಿನಗಳನ್ನೂ ಅದರ ಹಿಂದಿನ ಎರಡು ದಿನ ಏನೇನು ಮಾಡಿದೆ ಅನ್ನೋದನ್ನೂ ಬರೆದಿಡು. ಮೂರು ವಾರದಲ್ಲಿ ಲೆಕ್ಕ ಕಣ್ಣಿಗೆ ಕಾಣುವಂತಿತ್ತು.

ಗುರುತಿಸೋದು ಹೇಗೆ?

ಕೇಳಬೇಕಾದ ಪ್ರಶ್ನೆ ಇಷ್ಟೇ: ‘ಮಾರನೇ ದಿನ, ಅದರ ಮಾರನೇ ದಿನ ಹೇಗಿತ್ತು?’ ನಡೆದಾಗ ಏದುಸಿರು ಬಂದು, ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ವಾರ ಕಳೆದಂತೆ ಅದೇ ದಾರಿ ಸಲೀಸಾದರೆ ಅದು ಅಭ್ಯಾಸ ತಪ್ಪಿದ ದೇಹ. ಪ್ರತಿ ಸಲ ಒಂದೆರಡು ದಿನ ಬಿಟ್ಟು ಕುಸಿಯುತ್ತಿದ್ದರೆ ಅನುಮಾನ ಪಡಬೇಕು. ಲಾಂಗ್ ಕೋವಿಡ್‌ಗೆ ಅಂತ ಒಂದೇ ಒಂದು ಟೆಸ್ಟ್ ಇಲ್ಲ. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ ಇದೆಯೇ ಅಂತ ಡಾಕ್ಟರ್ ಮೊದಲು ನೋಡಲಿ. ಎದ್ದು ನಿಂತ ಕೂಡಲೇ ಎದೆ ಡವಡವ ಹೊಡೆದುಕೊಂಡು ತಲೆ ತಿರುಗುತ್ತಿದ್ದರೆ ಅದನ್ನೂ ಹೇಳಿ. ಎದೆನೋವು, ಪ್ರಜ್ಞೆ ತಪ್ಪುವುದು, ಉಸಿರಾಟದ ಕಷ್ಟ ಇದ್ದರೆ ತಡಮಾಡಲೇಬೇಡಿ.

ಮುಂದೇನು?

*ಅಭ್ಯಾಸ ತಪ್ಪಿದವರಿಗೆ:* ದಿನಕ್ಕೆ ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ, ವಾರಕ್ಕಿಷ್ಟು ಅಂತ ಏರಿಸಿ. ಮಾತಾಡೋಕಾಗಬೇಕು, ಹಾಡೋಕಾಗಬಾರದು, ಅಷ್ಟು ವೇಗ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 17 ವರ್ಷದವರೆಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಚಟುವಟಿಕೆ ಬೇಕು. ಹತ್ತು ಸಾವಿರ ಹೆಜ್ಜೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆ ಸಂಖ್ಯೆ ಹುಟ್ಟಿದ್ದು 1965ರಲ್ಲಿ, ಜಪಾನಿನ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ.

*ಎರಡು ದಿನ ಬಿಟ್ಟು ಕುಸಿಯುವವರಿಗೆ:* ಇಲ್ಲಿ ನಡೆಯೋದು ಪೇಸಿಂಗ್, ಅಂದರೆ ಇರುವ ಶಕ್ತಿಯೊಳಗೇ ದಿನ ಕಳೆಯೋದು. ಹಳೇ ಫೋನ್ 40 ಪರ್ಸೆಂಟ್ ತೋರಿಸುತ್ತಲೇ ಆಫ್ ಆಗುತ್ತಲ್ಲ, ಅಂಥ ಬ್ಯಾಟರಿ ಅಂದುಕೊಳ್ಳಿ. ಸುಸ್ತಾಗುವ ಮುಂಚೆಯೇ ವಿಶ್ರಾಂತಿ ತಗೊಳ್ಳಬೇಕು. ಒಂದೇ ದಿನ ಲ್ಯಾಬ್, ಬಟ್ಟೆ ಒಗೆಯೋದು, ಆಟ ಎಲ್ಲಾ ಬೇಡ. ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸೋ ಆಸೆಯೂ ಬೇಡ. ಇದೇ ಲಕ್ಷಣ ಕಾಣುವ ಎಂಇ/ಸಿಎಫ್‌ಎಸ್ ಅನ್ನುವ ಕಾಯಿಲೆಗೆ, ದಿನದಿನಕ್ಕೆ ವ್ಯಾಯಾಮ ಏರಿಸುತ್ತಾ ಹೋಗುವ ಚಿಕಿತ್ಸೆ ಕೊಡಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲೇ ಮಾರ್ಗಸೂಚಿ ಬದಲಿಸಿದೆ.

ನನ್ನ ತಂಗಿ ಪೂರ್ತಿ ಗುಣವಾಗಿದ್ದಾಳೆ ಅಂತ ಹೇಳಲಾರೆ. ಖೋಖೋ ಈಗಲೂ ಇಲ್ಲ. ಆದರೆ ಡಾಕ್ಟರ್ ಪತ್ರ ತೋರಿಸಿ ಲಿಫ್ಟ್ ಬಳಸೋಕೆ ಅನುಮತಿ ಪಡೆದಿದ್ದಾಳೆ, ಓದನ್ನು ಅರ್ಧರ್ಧ ಗಂಟೆಗೆ ಒಡೆದುಕೊಂಡಿದ್ದಾಳೆ, ಹೋದ ಸೆಮಿಸ್ಟರ್ ಒಂದು ಪರೀಕ್ಷೆಯನ್ನೂ ತಪ್ಪಿಸಿಲ್ಲ.

ನಿಮ್ಮ ಮನೆಯ ತಮ್ಮ ತಂಗಿಯೋ, ಟೀಮಿನ ಹೊಸ ಹುಡುಗನೋ ಪದೇ ಪದೇ ‘ಆಗ್ತಿಲ್ಲ’ ಅಂದರೆ ಜಿಮ್ ಮೆಂಬರ್‌ಶಿಪ್ ಲಿಂಕ್ ಕಳಿಸೋದು ಆಮೇಲಿರಲಿ. ಎರಡು ವಾರ ಒಂದು ಡೈರಿ ಬರೆಯೋಕೆ ಹೇಳಿ, ಆ ಡೈರಿ ಹಿಡಿದುಕೊಂಡು ಡಾಕ್ಟರ್ ಹತ್ತಿರ ಜೊತೆಗೆ ಹೋಗಿ.